‘ಕಿಯಾರಾ’ ಬೆಳಕೋ ಕತ್ತಲೋ: ಮುದಗಲ್ಲು ಸೀಮೆಯ ಒಂದು ಹೆಸರಿಡುವ ಪ್ರಕರಣ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ಲಿಗೆ ಹತ್ತಿರದ ಒಂದು ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹೆಣ್ಣುಮಗು ಹುಟ್ಟಿ ಎರಡು ತಿಂಗಳಾಗಿತ್ತು. ತೊಟ್ಟಿಲ ಕಾರ್ಯಕ್ಕೆ ಇನ್ನು ಹನ್ನೊಂದು ದಿನ ಉಳಿದಿರುವಾಗ ಮಗುವಿನ ತಂದೆ ನನ್ನನ್ನು ಹುಡುಕಿಕೊಂಡು ಬಂದರು. ಅವರು ನನ್ನ ಹಳೆಯ ವಿದ್ಯಾರ್ಥಿ, ಈಗ ಸಿಂಧನೂರಿನಲ್ಲಿ ಬ್ಯಾಂಕ್ ನೌಕರ. ನಾನು ಈ ಸೀಮೆಯ ವ್ಯಕ್ತಿನಾಮಗಳನ್ನು ಅನೇಕ ವರ್ಷಗಳಿಂದ ಬರೆದಿಟ್ಟುಕೊಳ್ಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು. ಕುಳಿತವರೇ ಅವರು ಕೇಳಿದ ಪ್ರಶ್ನೆ ಇಷ್ಟೇ: “ಸರ್, ಕಿಯಾರಾ ಅಂದ್ರ ಬೆಳಕೋ ಕತ್ತಲೋ, ಅಷ್ಟು ಹೇಳಿಬಿಡ್ರಿ.”

ಒಂದು ಪದದ ಉತ್ತರವನ್ನು ಬೇಡಿದ ಆ ಪ್ರಶ್ನೆಗೆ ಉತ್ತರಿಸಲು ನನಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನಗಳಲ್ಲಿ ತಿಳಿದದ್ದನ್ನು, ಕುಟುಂಬದವರ ಒಪ್ಪಿಗೆ ಪಡೆದು, ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಮಗುವಿನ ಹೆಸರು ಮತ್ತು ಅಜ್ಜಿಯ ಹೆಸರು ಎರಡನ್ನೂ ಹೇಳದೆ ಈ ಪ್ರಕರಣವನ್ನು ವಿವರಿಸಲಾಗದು. ಉಳಿದವರ ಹೆಸರು ಇಲ್ಲಿ ಅಗತ್ಯವಿಲ್ಲ.

ಹೆಸರು ಮನೆಯೊಳಗೆ ಬಂದ ದಾರಿ

ಈಗಿನ ಹೆಸರುಗಳನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಸಿನಿಮಾವನ್ನೋ ಮೊಬೈಲನ್ನೋ ಮೊದಲು ಹಿಡಿಯುತ್ತೇವೆ. ಈ ಮನೆಯಲ್ಲಿ ಮೊದಲ ಕಾರಣ ಪಂಚಾಂಗ. ಮಗು ಹುಟ್ಟಿದ್ದು ಮೃಗಶಿರಾ ನಕ್ಷತ್ರದ ನಾಲ್ಕನೆಯ ಪಾದದಲ್ಲಿ, ಅಂದರೆ ಮಿಥುನ ರಾಶಿಯಲ್ಲಿ. ಇಪ್ಪತ್ತೇಳು ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ ಒಟ್ಟು 108 ಪಾದಗಳಿಗೂ ಒಂದೊಂದು ಅಕ್ಷರವನ್ನು ಗೊತ್ತುಪಡಿಸಲಾಗಿದೆ. ಮೃಗಶಿರಾದ ನಾಲ್ಕು ಪಾದಗಳಿಗೆ ಬರುವ ಅಕ್ಷರಗಳು ವೇ, ವೋ, ಕಾ, ಕೀ. ಹಾಗಾಗಿ ಈ ಮಗುವಿಗೆ ‘ಕೀ’ ಬಂತು. ಹ್ರಸ್ವ ದೀರ್ಘಗಳ ಭೇದವನ್ನು ಬಳಕೆಯಲ್ಲಿ ಯಾರೂ ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲವಾದ್ದರಿಂದ ‘ಕಿ’ ಕೂಡ ನಡೆಯುತ್ತದೆ.

ಈಗ ‘ಕಿ’ಯಿಂದ ಆರಂಭವಾಗುವ ಹೆಣ್ಣುಮಕ್ಕಳ ಹೆಸರುಗಳನ್ನು ಎಣಿಸಲು ಕುಳಿತರೆ ಕಷ್ಟ ತಾನಾಗಿಯೇ ತಿಳಿಯುತ್ತದೆ. ಕಿರಣ, ಕಿಶೋರಿ, ಕೀರ್ತಿ, ಕೀರ್ತನಾ. ಅಲ್ಲಿಗೆ ಪರಿಚಿತ ಹೆಸರುಗಳು ಹೆಚ್ಚುಕಡಿಮೆ ಮುಗಿದವು. ಕೀರ್ತಿ ತಂದೆಯ ದೊಡ್ಡಪ್ಪನ ಮೊಮ್ಮಗಳ ಹೆಸರು, ಕಿರಣ ತಾಯಿಯ ತಮ್ಮನ ಹೆಸರು. ಮಗುವಿನ ತಾಯಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರು. ತರಗತಿಯಲ್ಲಿ ಒಂದೇ ಹೆಸರಿನ ಮೂರು ಮಕ್ಕಳನ್ನು ಇನಿಷಿಯಲ್ ಸೇರಿಸಿ ಕೂಗಬೇಕಾದ ತಾಪತ್ರಯ ಕಂಡಿದ್ದ ಅವರು, ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರು ಬೇಕೆಂದು ಪಟ್ಟು ಹಿಡಿದಿದ್ದರು. ಮೊಬೈಲಿನಲ್ಲಿ ‘ಕಿ’ ಅಕ್ಷರದ ಹೆಸರುಗಳ ಪಟ್ಟಿಯನ್ನು ತೆರೆದಾಗ ಮೇಲಿನ ಸಾಲುಗಳಲ್ಲಿಯೇ ‘ಕಿಯಾರಾ’ ಸಿಕ್ಕಿತು. ಎದುರಿಗೆ ‘ಸಂಸ್ಕೃತ, ಬೆಳಕು, ಹೊಳೆಯುವವಳು’ ಎಂದು ಬರೆದಿತ್ತು. ಹೆಸರು ಕಿವಿಗೆ ಹಿತವಾಗಿತ್ತು, ಅಕ್ಷರ ಕೂಡಿತ್ತು, ಅರ್ಥವೂ ಒಳ್ಳೆಯದಿತ್ತು, ಹಾಗಾಗಿ ಮನೆಯವರೆಲ್ಲ ಒಪ್ಪಿದರು.

ನಕ್ಷತ್ರಪಾದದ ಅಕ್ಷರ ಹೊಸ ಹೆಸರುಗಳ ಆಯ್ಕೆಯನ್ನು ಎಷ್ಟರ ಮಟ್ಟಿಗೆ ನಡೆಸುತ್ತಿದೆ ಎಂಬುದನ್ನು ಗಮನಿಸಿದವರು ಕಡಿಮೆ. ಮೃಗಶಿರಾದ ಮುಂದಿನ ಆರ್ದ್ರಾ ನಕ್ಷತ್ರಕ್ಕೆ ಬರುವ ಅಕ್ಷರಗಳು ಕು, ಘ, ಙ, ಛ. ಇವುಗಳಲ್ಲಿ ಙಕಾರದಿಂದ ಆರಂಭವಾಗುವ ಹೆಸರು ಕನ್ನಡದಲ್ಲಿಯೂ ಇಲ್ಲ, ಸಂಸ್ಕೃತದಲ್ಲಿಯೂ ಇಲ್ಲ. ಹಿಂದಿನವರಿಗೆ ಇದು ತೊಡಕೆನಿಸಿರಲಿಲ್ಲ, ಏಕೆಂದರೆ ಜಾತಕದ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಇರುತ್ತಿತ್ತು. ಜಾತಕದ ಹೆಸರು ಪೂಜಾರಿಯ ಬಾಯಲ್ಲಿ ಉಳಿಯುತ್ತಿತ್ತು, ಕರೆಯುವ ಹೆಸರು ಕುಲದೇವರದೋ ಹಿರಿಯರದೋ ಆಗಿರುತ್ತಿತ್ತು. ಈಗ ಎರಡನ್ನೂ ಒಂದೇ ಹೆಸರಿನಲ್ಲಿ ಹೊಂದಿಸಬೇಕೆಂಬ ಬಯಕೆ ಬಂದಿರುವುದರಿಂದಲೇ, ಇಕ್ಕಟ್ಟಿನ ಅಕ್ಷರಗಳ ಮಕ್ಕಳಿಗೆ ಹೊರನಾಡಿನ ಹೆಸರುಗಳು ಹೆಚ್ಚಾಗಿ ಒದಗುತ್ತಿವೆ ಎಂಬುದು ನನ್ನ ಅನುಭವ.

ಸೋದರತ್ತೆ ಎತ್ತಿದ ತಕರಾರು

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಾಗಿ ಹೆಸರು ಉಸುರುವಾಗ ಸುತ್ತ ನಿಂತ ಹೆಂಗಸರು ಬೆನ್ನಿಗೆ ಗುದ್ದುವುದು, ಆಮೇಲೆ ಗುಗ್ಗರಿ ಹಂಚುವುದು ಇಂದಿಗೂ ನಡೆದಿದೆ. ಈ ಮಗುವಿನ ಸೋದರತ್ತೆ ಐರ್ಲೆಂಡಿನಲ್ಲಿ ನರ್ಸ್ ಆಗಿದ್ದಾರೆ. ತೊಟ್ಟಿಲಿಗೆಂದೇ ರಜೆ ಹಾಕಿ ಬರುವವರಿದ್ದ ಅವರು ಫೋನಿನಲ್ಲಿ ಹೆಸರು ಕೇಳಿ ಸುಮ್ಮನಾದರಂತೆ. ಸ್ವಲ್ಪ ಹೊತ್ತಿನ ಮೇಲೆ, ತಮ್ಮ ಜೊತೆ ಕೆಲಸ ಮಾಡುವ ಐರಿಷ್ ಹುಡುಗಿಯೊಬ್ಬಳಿಗೆ ಇದೇ ಹೆಸರಿದೆ, ಅದನ್ನು ‘ಕೀರಾ’ ಎಂದು ಕರೆಯುತ್ತಾರೆ, ಅದರ ಅರ್ಥ ‘ಕಪ್ಪು ಬಣ್ಣದವಳು’ ಎಂದು ಹೇಳಿದರಂತೆ.

ಆ ಮಾತು ಮನೆಯಲ್ಲಿ ಏಕೆ ಅಷ್ಟು ನೋವುಂಟುಮಾಡಿತು ಎಂಬುದು ನನಗೆ ಆಮೇಲೆ, ತಾಯಿಯೊಡನೆ ಮಾತನಾಡಿದಾಗ ತಿಳಿಯಿತು. ಹೆರಿಗೆಯಾದ ವಾರದಲ್ಲಿ ಕೂಸನ್ನು ನೋಡಲು ಬಂದ ಸಂಬಂಧಿಕರಲ್ಲಿ ಒಬ್ಬಿಬ್ಬರು, “ಬಣ್ಣ ಸ್ವಲ್ಪ ಕಡಿಮಿ ಆತು, ಇರಲಿ, ಮೂಗು ಮಾರಿ ಚೆಂದೈತಿ” ಎಂದು ಹೇಳಿಹೋಗಿದ್ದರು. ಬಾಣಂತಿ ಆ ಮಾತನ್ನು ನುಂಗಿಕೊಂಡು ‘ಬೆಳಕು’ ಎಂಬ ಅರ್ಥದ ಹೆಸರನ್ನು ಆರಿಸಿದ್ದಳು. ಈಗ ಅದೇ ಹೆಸರು ‘ಕಪ್ಪು’ ಎಂದು ಬೇರೊಂದು ದೇಶದಿಂದ ತಿರುಗಿ ಬಂದಿತ್ತು. ಆದ್ದರಿಂದ ತಂದೆ ನನ್ನ ಮುಂದಿಟ್ಟ ಪ್ರಶ್ನೆಯ ಹಿಂದೆ ಒಬ್ಬ ತಾಯಿಯ ಗಾಯವಿತ್ತು. ಇದನ್ನು ಬಿಟ್ಟು ಬರಿಯ ನಿಘಂಟಿನ ಉತ್ತರ ಕೊಟ್ಟಿದ್ದರೆ ಅದು ಸರಿಯಾದ ಉತ್ತರವೂ ಆಗುತ್ತಿರಲಿಲ್ಲ.

ಎರಡು ಬೇರು

ಸೋದರತ್ತೆ ಹೇಳಿದ್ದು ನಿಜ, ಪಟ್ಟಿಯಲ್ಲಿದ್ದ ‘ಬೆಳಕು’ ಎಂಬ ಅರ್ಥವೂ ನಿಜ. ಆದರೆ ಇವೆರಡೂ ಬೇರೆ ಬೇರೆ ಹೆಸರುಗಳ ಅರ್ಥಗಳು.

ಮೊದಲನೆಯದು ಇಟಲಿಯದು. ಲ್ಯಾಟಿನ್ ಭಾಷೆಯ ‘ಕ್ಲಾರುಸ್’ ಎಂಬ ಪದಕ್ಕೆ ತಿಳಿಯಾದ, ಪ್ರಕಾಶಮಾನವಾದ, ಹೆಸರುವಾಸಿಯಾದ ಎಂಬ ಅರ್ಥಗಳಿವೆ. ಅದರ ಸ್ತ್ರೀಲಿಂಗ ರೂಪ ‘ಕ್ಲಾರಾ’. ಲ್ಯಾಟಿನ್ನಿನಲ್ಲಿ ಪದದ ಮೊದಲಿಗಿದ್ದ ‘ಕ್ಲ’ಕಾರ ಇಟಾಲಿಯನ್ನಿನಲ್ಲಿ ‘ಕ್ಯ’ಕಾರವಾಗುವುದು ಒಂದು ನಿಯಮ. ‘ಕೂಗು’ ಎಂಬ ಅರ್ಥದ ‘ಕ್ಲಾಮಾರೆ’ ಅಲ್ಲಿ ‘ಕ್ಯಾಮಾರೆ’ ಆಯಿತು, ‘ಬೀಗದ ಕೈ’ ಎಂಬ ಅರ್ಥದ ‘ಕ್ಲಾವಿಸ್’ ‘ಕ್ಯಾವೆ’ ಆಯಿತು, ‘ಕ್ಲಾರಾ’ ‘ಕ್ಯಾರಾ’ ಆಯಿತು. ಈ ಹೆಸರಿಗೆ ದೊಡ್ಡ ಮನ್ನಣೆ ಬಂದದ್ದು ಅಸ್ಸೀಸಿ ಪಟ್ಟಣದ ಸಂತ ಕ್ಲಾರಾಳಿಂದ. ಶ್ರೀಮಂತ ಮನೆತನವನ್ನು ತೊರೆದು, ಸಂತ ಫ್ರಾನ್ಸಿಸ್ಸನ ಹಾದಿ ಹಿಡಿದು, ಬಡತನವನ್ನೇ ವ್ರತವಾಗಿಸಿಕೊಂಡ ಸಂನ್ಯಾಸಿನಿಯರ ಪಂಥವನ್ನು ಕಟ್ಟಿದ ಆಕೆ 1253ರಲ್ಲಿ ತೀರಿಕೊಂಡಳು. 1255ರಲ್ಲಿ ಚರ್ಚು ಆಕೆಯನ್ನು ಸಂತಳೆಂದು ಘೋಷಿಸಿತು. ನಮ್ಮ ಕಡೆಯ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಊದುವ ಕ್ಲಾರಿನೆಟ್ಟಿನ ಹೆಸರೂ ಇದೇ ‘ಕ್ಲಾರುಸ್’ ಬೇರಿನದು. ತಿಳಿಯಾದ, ಸ್ಪಷ್ಟವಾದ ನಾದದ ವಾದ್ಯ ಎಂಬುದು ಅಲ್ಲಿಯ ಭಾವ.

ಎರಡನೆಯದು ಐರ್ಲೆಂಡಿನದು. ಹಳೆಯ ಐರಿಷ್ ಭಾಷೆಯಲ್ಲಿ ‘ಕಿಯರ್’ ಎಂದರೆ ಕಪ್ಪು. ಆ ಪದದಿಂದ ಗಂಡಸರಿಗೆ ‘ಕಿಯರಾನ್’, ಹೆಂಗಸರಿಗೆ ‘ಕಿಯರಾ’ ಎಂಬ ಹೆಸರುಗಳು ಹುಟ್ಟಿದವು. ಈಗಿನ ಐರ್ಲೆಂಡಿನಲ್ಲಿ ಹೆಣ್ಣು ಹೆಸರನ್ನು ‘ಕೀರಾ’ ಎಂದೇ ಕರೆಯುತ್ತಾರೆ. ಆರನೆಯ ಶತಮಾನದಲ್ಲಿ ಕ್ಲಾನ್‌ಮಕ್‌ನಾಯ್ಸ್ ಎಂಬ ಪ್ರಸಿದ್ಧ ಮಠವನ್ನು ಸ್ಥಾಪಿಸಿದ ಸಂತನ ಹೆಸರು ಕಿಯರಾನ್. ಆ ದೇಶದ ನೈಋತ್ಯದಲ್ಲಿರುವ ಕೆರ್ರಿ ಎಂಬ ಸೀಮೆಯ ಹೆಸರಿಗೂ ‘ಕಿಯರ್ ಎಂಬವನ ಕುಲದವರ ನಾಡು’ ಎಂಬುದೇ ಮೂಲಾರ್ಥ. ಹೀಗೆ ಅಲ್ಲಿ ಕಪ್ಪು ಎಂಬುದು ಸಂತರ ಹೆಸರಾಗಿ, ಕುಲದ ಹೆಸರಾಗಿ, ನೆಲದ ಹೆಸರಾಗಿ ಗೌರವದಿಂದ ಬಂದ ಪದವೇ ಹೊರತು ಹೀಗಳೆಯುವ ಪದವಲ್ಲ.

ಈ ಎರಡು ಹೆಸರುಗಳ ಬರಹರೂಪಗಳು ರೋಮನ್ ಲಿಪಿಯಲ್ಲಿ ಬಹಳ ಹತ್ತಿರ. ಇಟಾಲಿಯನ್ ರೂಪದಲ್ಲಿ ಸಿ ಅಕ್ಷರದ ಮುಂದೆ ಒಂದು ಎಚ್ ಇರುತ್ತದೆ, ಐರಿಷ್ ರೂಪದಲ್ಲಿ ಅದು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಇಂಗ್ಲಿಷ್ ಓದುವವರು ಮೊದಲನೆಯದನ್ನು ‘ಚಿಯಾರಾ’ ಎಂದೂ ಎರಡನೆಯದನ್ನು ‘ಸಿಯಾರಾ’ ಎಂದೂ ತಪ್ಪಾಗಿ ಓದುವ ಸಂಭವವಿದೆ. ಕೆ ಅಕ್ಷರದಿಂದ ಬರೆದರೆ ಆ ಗೊಂದಲ ತೊಲಗುತ್ತದೆ, ಆದರೆ ಎರಡು ಹೆಸರುಗಳ ನಡುವಿನ ಗಡಿಯೂ ಅದರೊಡನೆ ಅಳಿಸಿಹೋಗುತ್ತದೆ. ಕೆ ಅಕ್ಷರದ ‘ಕಿಯಾರಾ’ ಎದುರಿಗೆ ಬಂದಾಗ ಅದು ಯಾವ ಬೇರಿನದು ಎಂಬುದನ್ನು ಅಕ್ಷರ ನೋಡಿ ಹೇಳಲಾಗದು, ಬಂದ ದಾರಿಯನ್ನೇ ನೋಡಬೇಕು. ಭಾರತಕ್ಕೆ ಅದು ಬಂದ ದಾರಿ ತೆರೆಯ ಮೇಲಿನದು. 1998ರಲ್ಲಿ ಬಂದ ಅಮೆರಿಕದ ಅನಿಮೇಷನ್ ಚಿತ್ರವೊಂದರಲ್ಲಿ ಸಿಂಹರಾಜನ ಮಗಳಿಗೆ ಈ ಹೆಸರಿತ್ತು. 2010ರ ಹಿಂದಿ ಚಿತ್ರವೊಂದರ ನಾಯಕಿಯ ಪಾತ್ರಕ್ಕೂ ಇದನ್ನೇ ಇಟ್ಟರು. ಆಲಿಯಾ ಎಂಬ ಜನ್ಮನಾಮದ ನಟಿಯೊಬ್ಬರು, ಅದೇ ಹೆಸರಿನ ಇನ್ನೊಬ್ಬ ನಟಿ ಆಗಲೇ ಪ್ರಸಿದ್ಧರಾಗಿದ್ದುದರಿಂದ, ಆ ಪಾತ್ರದ ಹೆಸರನ್ನು ತಮ್ಮದಾಗಿಸಿಕೊಂಡು 2014ರಲ್ಲಿ ಕಿಯಾರಾ ಅಡ್ವಾಣಿಯಾಗಿ ಚಿತ್ರರಂಗಕ್ಕೆ ಬಂದರು. ನಮ್ಮ ಹಳ್ಳಿಗಳ ತೊಟ್ಟಿಲುಗಳಿಗೆ ಈ ಹೆಸರನ್ನು ತಲುಪಿಸಿದ್ದು ಮುಖ್ಯವಾಗಿ ಅವರ ಜನಪ್ರಿಯತೆ ಎಂದು ನಾನು ತಿಳಿಯುತ್ತೇನೆ.

ಭಾರತದಲ್ಲಿ ಇದನ್ನು ಮೂರು ಅಕ್ಷರಗಳನ್ನೂ ಬಿಡಿಸಿ, ನಡುವೆ ದೀರ್ಘ ಕೊಟ್ಟು ‘ಕಿ-ಯಾ-ರಾ’ ಎನ್ನುತ್ತಾರೆ. ಇದು ಐರಿಷ್ ‘ಕೀರಾ’ಕ್ಕೆ ದೂರ, ಇಟಾಲಿಯನ್ ‘ಕ್ಯಾರಾ’ಕ್ಕೆ ಹತ್ತಿರ. ಅರ್ಥವನ್ನೂ ಎಲ್ಲರೂ ‘ಬೆಳಕು’ ಎಂದೇ ಹೇಳುತ್ತ ಬಂದಿದ್ದಾರೆ. ಆದ್ದರಿಂದ ಈ ಮನೆಯವರು ಆರಿಸಿದ ಹೆಸರನ್ನು ಇಟಾಲಿಯನ್ ಹೆಸರೆಂದು ತಿಳಿಯುವುದು ಹೆಚ್ಚು ಯುಕ್ತ. ಐರ್ಲೆಂಡಿನವರು ಅದನ್ನು ತಮ್ಮದೆಂದು ಓದಿಕೊಂಡರೆ ಅವರದೂ ತಪ್ಪಲ್ಲ ಎಂದು ನಾನು ಹೇಳಿದೆ.

‘ಸಂಸ್ಕೃತ ಮೂಲ’ ಎಂಬ ಹಣೆಪಟ್ಟಿ

ಪಟ್ಟಿಯಲ್ಲಿದ್ದ ಅರ್ಥ ಒಂದು ರೀತಿಯಲ್ಲಿ ಸರಿ, ಆದರೆ ಮೂಲ ಸಂಪೂರ್ಣ ತಪ್ಪು. ಸಂಸ್ಕೃತದಲ್ಲಿ ‘ಕಿಯತ್’ ಎಂಬ ಪದವಿದೆ, ಅದರ ಅರ್ಥ ‘ಎಷ್ಟು’. ಅದರಿಂದ ಬೆಳಕಿನ ಅರ್ಥದ ‘ಕಿಯಾರಾ’ ಎಂಬ ರೂಪ ಯಾವ ಪ್ರತ್ಯಯ ಹಚ್ಚಿದರೂ ಹುಟ್ಟುವುದಿಲ್ಲ. ಬೆಳಕಿಗೆ ಸಂಸ್ಕೃತದಲ್ಲಿ ಕಿರಣ, ಪ್ರಭಾ, ದ್ಯುತಿ, ಜ್ಯೋತಿ, ರುಚಿ ಎಂದು ಪದಗಳ ಕೊರತೆಯಿಲ್ಲ; ಇಲ್ಲದ ಪದವೊಂದನ್ನು ಆ ಭಾಷೆಯ ಮೇಲೆ ಹೇರುವುದರಿಂದ ಆ ಭಾಷೆಗೂ ಗೌರವವಿಲ್ಲ, ಹೆಸರಿಗೂ ಗೌರವವಿಲ್ಲ. ಇಂಥ ಪಟ್ಟಿಗಳನ್ನು ಮಾಡುವವರು ತಂದೆತಾಯಿಗಳಿಗೆ ಒಂದು ಸುಳ್ಳು ಹೇಳುತ್ತಿದ್ದಾರೆ. ಆ ಸುಳ್ಳು ಮುಂದೆ ಮಗು ದೊಡ್ಡದಾಗಿ ತನ್ನ ಹೆಸರಿನ ಬಗ್ಗೆ ತಾನೇ ಹುಡುಕಿದಾಗ ಬಯಲಾಗುತ್ತದೆ ಎಂಬುದು ನನಗೆ ಬೇಸರದ ಸಂಗತಿ.

ತಂದೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಬಿಹಾರದ ಸಹೋದ್ಯೋಗಿಯೊಬ್ಬರು ಇನ್ನೊಂದು ಸೂಚನೆ ಕೊಟ್ಟಿದ್ದರು. ಹಿಂದಿಯಲ್ಲಿ ‘ಕ್ಯಾರಿ’ ಎಂದರೆ ಗಿಡಗಳನ್ನು ಬೆಳೆಸುವ ಮಡಿ. ಅದು ಸಂಸ್ಕೃತದ ‘ಕೇದಾರ’ದಿಂದ ಬಂದ ಪದ, ಕೇದಾರ ಎಂದರೆ ನೀರು ನಿಲ್ಲಿಸಿದ ಗದ್ದೆ. ಕಾಲುವೆ ನೀರಿನ ಸಿಂಧನೂರಿನಲ್ಲಿ ಭತ್ತದ ಗದ್ದೆಗಳ ನಡುವೆ ಕುಳಿತು ಕೇಳುವವರಿಗೆ ಈ ಅರ್ಥ ಬಹಳ ಇಷ್ಟವಾಗುವಂಥದ್ದು, ತಂದೆಗೂ ಇಷ್ಟವಾಗಿತ್ತು. ಆದರೆ ಮಗುವಿನ ಹೆಸರು ಆ ದಾರಿಯಿಂದ ಬಂದದ್ದಲ್ಲ. ಹಾಗೆಯೇ ಐರಿಷ್ ‘ಕಿಯರ್’ ಮತ್ತು ಕನ್ನಡದ ‘ಕರಿ’ ಎರಡಕ್ಕೂ ಕಪ್ಪು ಎಂಬ ಅರ್ಥವಿದೆ. ಅಲ್ಲಿಯೂ ನೆಂಟಸ್ತನವಿಲ್ಲ, ಏಕೆಂದರೆ ಒಂದು ಇಂಡೋ-ಯುರೋಪಿಯನ್ ಕುಟುಂಬದ್ದು, ಇನ್ನೊಂದು ದ್ರಾವಿಡ ಕುಟುಂಬದ್ದು. ಧ್ವನಿ ಕೂಡಿದ ಕಡೆಯಲ್ಲೆಲ್ಲ ಸಂಬಂಧ ಕಲ್ಪಿಸುವ ಆಸೆಯನ್ನು ಹೆಸರುಗಳ ಅಧ್ಯಯನದಲ್ಲಿ ಮೊದಲು ಬಿಡಬೇಕಾಗುತ್ತದೆ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಗಲ್ಲಿನ ಶಾಸನದಲ್ಲಿ ‘ಅಶೋಕ’ ಎಂಬ ಹೆಸರು ಸ್ಪಷ್ಟವಾಗಿ ಕೆತ್ತಿದ್ದರಿಂದಲೇ, ಉಳಿದ ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತು. ಹೆಸರಿನ ವಿಷಯದಲ್ಲಿ ಆಧಾರದ ಬೆಲೆ ಏನೆಂದು ನಮ್ಮ ನೆಲದ ಕಲ್ಲೇ ತೋರಿಸಿಕೊಟ್ಟಿದೆ.

ಅಜ್ಜಿಯ ಆಕ್ಷೇಪ

ಐದನೆಯ ದಿನ ನಾನು ಹಳ್ಳಿಗೆ ಹೋದೆ. ತಂದೆಯ ತಾಯಿ, ಎಪ್ಪತ್ತರ ಆಸುಪಾಸಿನ ಹುಸೇನಮ್ಮ, ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದರು. ಇಟಲಿ, ಐರ್ಲೆಂಡ್ ಎಂದು ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದ ಮೇಲೆ ಅವರು ತಮ್ಮ ಆಕ್ಷೇಪವನ್ನು ಮುಂದಿಟ್ಟರು: “ಮಾಸ್ತರ್ರ, ಅದೆಲ್ಲ ಇರಲಿ. ದೂರ ನಿಂತು ಕರದ್ರ ಅದು ‘ಕ್ಯಾರ’ ಅಂತ ಕೇಳತೈತಿ. ಹೆಣ್ಣಮಗಳಿಗೆ ಕೆರ ಅಂತ ಹೆಸರಿಡ್ತಾರೇನ್ರಿ?”

ಅಲ್ಲಿಯವರೆಗೆ ಯಾರಿಗೂ ಹೊಳೆಯದ ಮಾತಿದು. ‘ಕೆರ’ ಎಂದರೆ ಕಾಲಲ್ಲಿ ಮೆಟ್ಟುವ ಚಪ್ಪಲಿ. ಹಳಗನ್ನಡದ ‘ಕೆರ್ಪು’, ನಡುಗನ್ನಡದ ‘ಕೆರಹು’ ಇದರ ಹಿಂದಿನ ರೂಪಗಳು, ತಮಿಳಿನ ‘ಚೆರುಪ್ಪು’ ಇದರ ದಾಯಾದಿ. ನಮ್ಮ ಆಡುಮಾತಿನಲ್ಲಿ ‘ಬೇಡ’ ಎಂಬುದು ‘ಬ್ಯಾಡ’ ಆಗುತ್ತದೆ, ‘ಮೇಲೆ’ ಎಂಬುದು ‘ಮ್ಯಾಲ’ ಆಗುತ್ತದೆ. ಎಕಾರ ಏಕಾರಗಳು ಹೀಗೆ ಬಾಯಿ ತೆರೆದು ‘ಯಾ’ ಆಗುವ ಸೀಮೆಯಲ್ಲಿ ‘ಕ್ಯಾರ’ ಎಂಬ ಧ್ವನಿಯನ್ನು ಕೇಳಿದ ಕಿವಿ ‘ಕೆರ’ವನ್ನು ನೆನೆಯುವುದು ಸಹಜ. ‘ಕ್ಯಾರೇ ಅನ್ನಲಿಲ್ಲ’ ಎಂಬ ಮಾತು ಬೇರೆ ಇದೆ. ಹೆಸರನ್ನು ದಿನಕ್ಕೆ ನೂರು ಸಲ ಕೂಗಿ ಕರೆಯುವವರು ಮನೆಯ ಮುದುಕರು. ಅವರ ಬಾಯಿ ಕಿವಿಗಳು ಒಪ್ಪದ ಹೆಸರನ್ನು ನಿಘಂಟು ಒಪ್ಪಿದರೂ ಪ್ರಯೋಜನವಿಲ್ಲ. ನಾನು ಈ ಆಕ್ಷೇಪವನ್ನು ಸೋದರತ್ತೆಯ ಆಕ್ಷೇಪಕ್ಕಿಂತ ಗಂಭೀರವಾಗಿ ತೆಗೆದುಕೊಂಡೆ.

ಅವರಿಗೆ ನಾನು ಹೇಳಿದ್ದು ಇಷ್ಟು. ಇಟಲಿಯವರು ಈ ಹೆಸರನ್ನು ‘ಕಿ-ಯಾ-ರಾ’ ಎಂದು ಬಿಡಿಸುವುದಿಲ್ಲ, ಎರಡೇ ಅಕ್ಷರದಲ್ಲಿ ‘ಕ್ಯಾರಾ’ ಎಂದೇ ಕರೆಯುತ್ತಾರೆ. ಕಲಿತವರು ತಿದ್ದಬೇಕೆಂದುಕೊಂಡಿದ್ದ ನಿಮ್ಮ ಉಚ್ಚಾರವೇ ಆ ಹೆಸರು ಹುಟ್ಟಿದ ಊರಿನ ಉಚ್ಚಾರಕ್ಕೆ ಹತ್ತಿರದಲ್ಲಿದೆ. ಅವರು ಇದನ್ನು ಕೇಳಿ ಸ್ವಲ್ಪ ಹೊತ್ತು ಮೊರದ ಮೇಲೆ ಕೈಯಿಟ್ಟುಕೊಂಡು ಕುಳಿತರು. ಆಮೇಲೆ ಕೊನೆಯ ಅಕ್ಷರಕ್ಕೆ ‘ಅವ್ವ’ ಸೇರಿಸಿ ತಾವೇ ಒಮ್ಮೆ ಕರೆದು ನೋಡಿದರು: “ಕ್ಯಾರವ್ವ.” ಕೆರದ ಛಾಯೆ ಅಲ್ಲಿಗೆ ಹೋಯಿತು. ಕನ್ನಡ ಪ್ರತ್ಯಯ ಒಂದು ಹೆಸರಿಗೆ ಏನು ಮಾಡಬಲ್ಲದು ಎಂಬುದನ್ನು ನಾನು ಪಾಠದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಆ ಕಟ್ಟೆಯ ಮೇಲೆ ಕಂಡೆ.

ಬಣ್ಣದ ಮಾತನ್ನು ತಾಯಿ ಎತ್ತಿದಾಗಲೂ ಉತ್ತರ ಕೊಟ್ಟವರು ಅವರೇ. ಈ ಸೀಮೆಯಲ್ಲಿ ಕರಿಯಪ್ಪ, ಕರೆಮ್ಮ, ಕರಿಬಸಪ್ಪ ಎಂಬ ಹೆಸರುಗಳು ಮನೆಮನೆಗೂ ಇವೆ, ಕೃಷ್ಣ ಎಂಬ ಪದಕ್ಕೂ ಕಪ್ಪು ಎಂಬುದೇ ಅರ್ಥ ಎಂದು ನಾನು ಹೇಳುತ್ತಿದ್ದಾಗ ಅವರು ನಡುವೆ ಬಂದು, “ಕರೇದಂದ್ರ ಏನ ಕೆಟ್ಟ ಆತವಾ? ನಮ್ಮ ಎರಿ ಹೊಲ ಕರೇದ ಐತಿ. ಮಸಾರಿ ಹೊಲದಾಗ ಬೆಳೀಲಾರದ ಬಿಳಿಜೋಳ ಅದರಾಗ ಬೆಳಿತೈತಿ” ಎಂದರು. ತಾಯಿ ಏನೂ ಹೇಳಲಿಲ್ಲ. ಆದರೆ ಅದರ ಮರುದಿನ ಸೋದರತ್ತೆಗೆ ತಾವೇ ಫೋನ್ ಮಾಡಿದರು.

ಹುಸೇನಮ್ಮ ಎಂಬ ಹೆಸರು

ಈ ಪ್ರಕರಣದಲ್ಲಿ ಎಲ್ಲರೂ ಕಣ್ಣೆದುರೇ ಇಟ್ಟುಕೊಂಡು ನೋಡದೆ ಬಿಟ್ಟದ್ದು ಅಜ್ಜಿಯ ಹೆಸರನ್ನು. ಹಲವು ಸಂಸ್ಕೃತಿಗಳು ಕೂಡಿದ ಹೆಸರು ಈ ಮನೆಗೆ ಮೊದಲ ಸಲ ಬರುತ್ತಿದೆ ಎಂದು ಮಗ, ಸೊಸೆ, ಮಗಳು ಮೂವರೂ ತಿಳಿದಿದ್ದರು. ನಿಜವಾಗಿ ಅದು ಎಷ್ಟೋ ವರ್ಷಗಳಿಂದ ಮನೆಯಲ್ಲಿಯೇ ಇತ್ತು.

ಅರಬ್ಬಿಯಲ್ಲಿ ‘ಹಸನ್’ ಎಂದರೆ ಒಳ್ಳೆಯ, ಚೆಲುವಾದ. ಅದರ ಅಲ್ಪಾರ್ಥಕ ರೂಪ ‘ಹುಸೈನ್’, ಅಂದರೆ ಪುಟ್ಟ ಚೆಲುವ. ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೈನರು ಕ್ರಿ.ಶ. 680ರಲ್ಲಿ ಮೊಹರಂ ತಿಂಗಳ ಹತ್ತನೆಯ ದಿನ ಕರ್ಬಲಾದಲ್ಲಿ ಹತರಾದರು. ಆ ಶೋಕದ ನೆನಪು ಬಹಮನಿ, ಆದಿಲಶಾಹಿ ಕಾಲಗಳನ್ನು ದಾಟಿ ರಾಯಚೂರು ಸೀಮೆಯಲ್ಲಿ ಅಲಾಯಿ ಹಬ್ಬವಾಗಿ ನೆಲೆಗೊಂಡಿದೆ, ಮುದಗಲ್ಲಿನ ಮೊಹರಂ ಅದರಲ್ಲಿ ಹೆಸರಾದದ್ದು. ಹಿಂದೂ ಮನೆಗಳವರು ಅಲಾಯಿ ದೇವರಿಗೆ, ಅಂದರೆ ಹಬ್ಬದಲ್ಲಿ ಕೂರಿಸುವ ಪಂಜಾಗಳಿಗೆ, ಹರಕೆ ಹೊರುತ್ತಾರೆ, ಸಕ್ಕರೆ ಓದಿಸುತ್ತಾರೆ, ಮಕ್ಕಳನ್ನು ಫಕೀರರನ್ನಾಗಿ ಮಾಡಿ ಕೊರಳಿಗೆ ಲಾಡಿ ಎಂಬ ದಾರ ಹಾಕಿಸುತ್ತಾರೆ, ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯ ರಿವಾಯತ್ ಪದಗಳನ್ನು ಕನ್ನಡದಲ್ಲಿಯೇ ಹಾಡುತ್ತಾರೆ. ಹುಸೇನಮ್ಮನವರ ತಾಯಿಗೆ ಮೊದಲೆರಡು ಮಕ್ಕಳು ಉಳಿಯಲಿಲ್ಲ. ಮೂರನೆಯದು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು ಅವರು ಮುದಗಲ್ಲಿನ ಅಲಾಯಿ ದೇವರಿಗೆ ಬೇಡಿಕೊಂಡರು. ಉಳಿದ ಕೂಸಿಗೆ ಅರಬ್ಬಿ ಬೇರು, ಕನ್ನಡದ ‘ಅಮ್ಮ’ ಎರಡೂ ಸೇರಿದ ಹೆಸರು ಬಂತು. ಹುಸೇನಪ್ಪ, ಫಕೀರಪ್ಪ, ಫಕೀರಮ್ಮ, ಖಾಜಪ್ಪ ಎಂಬ ಹೆಸರುಗಳು ಈ ಭಾಗದ ಹಿಂದೂ ಮನೆಗಳಲ್ಲಿ ಹೀಗೆಯೇ ಬಂದವು.

ಪರಭಾಷೆಯ ಪದವನ್ನು ನಮ್ಮ ಜನ ತಮ್ಮದಾಗಿಸಿಕೊಳ್ಳುವ ರೀತಿಗೆ ಇದೇ ಹಬ್ಬದಲ್ಲಿ ಇನ್ನೊಂದು ಒಳ್ಳೆಯ ನಿದರ್ಶನವಿದೆ. ಮೊಹರಮ್ಮಿನ ಒಂಬತ್ತನೆಯ ದಿನದ ರಾತ್ರಿಯನ್ನು ಉರ್ದುವಿನಲ್ಲಿ ‘ಕತ್ಲ್’ ರಾತ್ರಿ, ಅಂದರೆ ಹತ್ಯೆಯ ರಾತ್ರಿ ಎನ್ನುತ್ತಾರೆ. ಕನ್ನಡಿಗರ ಕಿವಿಯಲ್ಲಿ ಅದು ‘ಕತ್ತಲ ರಾತ್ರಿ’ ಆಗಿದೆ. ಮೂಲ ಬೇರೆಯಾದರೂ ಶೋಕದ ಭಾವ ಕೆಡಲಿಲ್ಲ, ಹಬ್ಬ ಎಲ್ಲಿಂದ ಬಂತೆಂಬುದನ್ನು ಯಾರ ಕಣ್ಣಿಂದಲೂ ಮರೆಮಾಡಲಿಲ್ಲ. ಜನರ ಬಾಯಿ ಪದವನ್ನು ಒಗ್ಗಿಸಿಕೊಳ್ಳುವುದು ಒಂದು, ಪಟ್ಟಿ ಮಾಡುವವರು ಮೂಲವನ್ನೇ ಬದಲಿಸಿ ಬರೆಯುವುದು ಇನ್ನೊಂದು. ಹುಸೇನಮ್ಮ ಎಂಬ ಹೆಸರನ್ನು ಸಂಸ್ಕೃತವೆಂದು ತೋರಿಸುವ ಅಗತ್ಯ ಎಪ್ಪತ್ತು ವರ್ಷಗಳಲ್ಲಿ ಯಾರಿಗೂ ಕಂಡಿರಲಿಲ್ಲ. ಅದರ ಅರ್ಥ ಕೇಳಿದರೆ ಅವರು ‘ಪುಟ್ಟ ಚೆಲುವೆ’ ಎಂದು ಹೇಳುವುದಿಲ್ಲ, ಅದು ಅವರಿಗೆ ನಾನು ಹೇಳುವವರೆಗೆ ಗೊತ್ತೂ ಇರಲಿಲ್ಲ. “ನಮ್ಮವ್ವ ಬೇಡಿಕೊಂಡಿದ್ದಳು” ಎನ್ನುತ್ತಾರೆ.

ಇದನ್ನು ಕಂಡ ಮೇಲೆ ನಾನು ನನ್ನ ಉತ್ತರದ ಕ್ರಮವನ್ನೇ ಬದಲಿಸಿದೆ. ‘ಅರ್ಥವೇನು’ ಎಂದು ಕೇಳುವವರು ಒಂದೇ ಪ್ರಶ್ನೆಯೊಳಗೆ ಮೂರನ್ನು ಕೇಳುತ್ತಿರುತ್ತಾರೆ: ಪದದ ಬೇರು ಯಾವುದು, ಅದು ನಮ್ಮಲ್ಲಿಗೆ ಯಾವ ದಾರಿಯಿಂದ ಬಂತು, ಈ ಕೂಸಿಗೆ ಅದನ್ನು ಏಕೆ ಇಟ್ಟರು. ಮೊದಲೆರಡಕ್ಕೆ ನಾನು ಉತ್ತರಿಸಬಲ್ಲೆ. ಮೂರನೆಯದನ್ನು ಮನೆಯವರೇ ಕೊಡಬೇಕು, ಪಟ್ಟಿಯಿಂದ ಅದು ಸಿಗುವುದಿಲ್ಲ. ತಾಯಿಯನ್ನು ಕೇಳಿದಾಗ ಅವರು ತುಸು ತಡೆದು, “ಆ ವಾರ ನನಗ ಯಾರರೆ ನಿನ್ನ ಮಗಳು ಬೆಳಕು ಅಂತ ಹೇಳಬೇಕಿತ್ತು ಸರ್. ಯಾರೂ ಹೇಳಲಿಲ್ಲ. ಅದಕ್ಕ ನಾನೇ ಇಟ್ಟೆ” ಎಂದರು.

ದಾಖಲೆ ಮತ್ತು ತೊಟ್ಟಿಲು

ಮನೆಯವರು ಹೆಸರನ್ನು ಉಳಿಸಿಕೊಳ್ಳಲು ನಿರ್ಧರಿಸಿದರು. ಅವಸರವೇನೂ ಇರಲಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕಾದರೂ ಹೆಸರಿಲ್ಲದೆಯೇ ನೋಂದಾಯಿಸಲು 1969ರ ಜನನ ಮರಣ ನೋಂದಣಿ ಕಾಯ್ದೆ ಅವಕಾಶ ಕೊಡುತ್ತದೆ; ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆ ಮೇಲೆ ಹದಿನೈದು ವರ್ಷಗಳವರೆಗೆ ವಿಳಂಬ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಆದರೆ ಒಮ್ಮೆ ಸೇರಿಸಿದ ಮೇಲೆ ಬದಲಿಸುವುದು ಸುಲಭವಲ್ಲ. 2023ರ ತಿದ್ದುಪಡಿ ಜಾರಿಗೆ ಬಂದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಮದುವೆಯ ನೋಂದಣಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಕಾಗುಣಿತವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳಿದೆ. ಕನ್ನಡದಲ್ಲಿ ‘ಕಿಯಾರ’, ‘ಕಿಯಾರಾ’, ‘ಕಿಯರಾ’ ಎಂದು ಮೂರು ಬಗೆಯಲ್ಲಿ ಬರೆಯುವವರಿದ್ದಾರೆ. ಸಂಸ್ಕೃತದ ಆಕಾರಾಂತ ಸ್ತ್ರೀನಾಮಗಳು ಕನ್ನಡದಲ್ಲಿ ಸಾಮಾನ್ಯವಾಗಿ ಎಕಾರಾಂತವಾಗುತ್ತವೆ, ಗಂಗಾ ಗಂಗೆಯಾಗುತ್ತಾಳೆ, ರಾಧಾ ರಾಧೆಯಾಗುತ್ತಾಳೆ. ಈ ಹೆಸರು ಹಾಗೆ ಆಗುವುದಿಲ್ಲ. ಹಾಗಾಗಿ ಕೊನೆಯ ದೀರ್ಘವನ್ನು ಉಳಿಸಿ ‘ಕಿಯಾರಾ’ ಎಂದು ಬರೆಯುವುದು, ವಿಭಕ್ತಿ ಹತ್ತಿದಾಗ ‘ಕಿಯಾರಾಳ’, ‘ಕಿಯಾರಾಗೆ’ ಎನ್ನುವುದು ಸರಿ ಎಂದು ತೀರ್ಮಾನಿಸಿದೆವು. ಇಂಗ್ಲಿಷಿನಲ್ಲಿ ಕೆ, ಐ, ಎ, ಆರ್, ಎ ಎಂಬ ಐದೇ ಅಕ್ಷರ. ಸಂಖ್ಯಾಶಾಸ್ತ್ರಕ್ಕಾಗಿ ಇನ್ನೊಂದು ಎ ಸೇರಿಸೋಣ ಎಂದ ನೆಂಟರ ಸಲಹೆಯನ್ನು ತಾಯಿ ಒಪ್ಪಲಿಲ್ಲ, ನನಗೂ ಅದು ಒಳ್ಳೆಯದೆನಿಸಿತು.

ತೊಟ್ಟಿಲ ದಿನ ಸೋದರತ್ತೆ ಐರ್ಲೆಂಡಿನಿಂದ ಬಂದಿದ್ದರು. ಕೂಸಿನ ಕಿವಿಯಲ್ಲಿ ಮೊದಲು ಹುಲಿಗೆಮ್ಮ ದೇವಿಯ ಹೆಸರು, ಆಮೇಲೆ ಅಜ್ಜಿಯ ಹೆಸರು, ಕೊನೆಗೆ ಕಿಯಾರಾ ಎಂದು ಮೂರನ್ನೂ ಉಸುರಿದರು. ಅಲ್ಲಿ ಅದನ್ನು ‘ಕೀರಾ’ ಎಂದು ಓದುವವರಿಗೆ ಏನು ಹೇಳುತ್ತೀರಿ ಎಂದು ನಾನು ಕೇಳಿದ್ದಕ್ಕೆ, ಬರೆದ ಹಾಗೆ ಓದಿರಿ, ಇದು ಇಟಲಿಯದು, ನಿಮ್ಮದಾದರೂ ನಮಗೆ ಬೇಸರವಿಲ್ಲ ಎಂದು ಹೇಳುವುದಾಗಿ ತಿಳಿಸಿದರು.

ನಾನು ಹೆಸರಿನ ಬೇರನ್ನೂ ಅದು ಬಂದ ದಾರಿಯನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೆ. ಇಟ್ಟ ಕಾರಣವನ್ನು ಬರೆಯಲು ಕೆಳಗೆ ಜಾಗ ಬಿಟ್ಟಿದ್ದೆ, ಅದನ್ನು ತಾಯಿ ತಮ್ಮ ಕೈಯಿಂದಲೇ ತುಂಬಿದರು. ಹೊಲದ ಪಹಣಿ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಅದನ್ನು ಇಡುವ ಮುನ್ನ ಅವರು ಇನ್ನೊಂದು ಬಿಳಿ ಹಾಳೆಯನ್ನು ನನ್ನ ಮುಂದಿಟ್ಟು, ಅತ್ತೆಯವರ ಹೆಸರಿನದೂ ಬರೆದುಕೊಡಿ ಎಂದು ಕೇಳಿದರು. ‘ಹಸನ್’ ಎಂಬ ಬೇರು, ಮುದಗಲ್ಲಿನ ದಾರಿ ಎರಡನ್ನೂ ನಾನು ಬರೆದೆ. ಕಾರಣದ ಸಾಲುಗಳನ್ನು ಹುಸೇನಮ್ಮನವರು ಹೇಳುತ್ತ ಹೋದರು, ಸೊಸೆ ಬರೆದುಕೊಂಡರು.